ಬೇಕೆಂದಾಗ ಕಾಣಿಸದ ಕರ್ನಲ್ ದೋಷವನ್ನು ಹಿಡಿಯುವ ಕ್ರಮ: ಸಮಗ್ರ ಮಾರ್ಗದರ್ಶಿ

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಶಾಲೆ, ಗ್ರಂಥಾಲಯ, ಅಂಗಡಿಗಳ ಲಿನಕ್ಸ್ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವರು ಹೇಳುವ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಹದಿನೈದು ದಿನಕ್ಕೊಮ್ಮೆ ಯಂತ್ರ ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತದೆ. ಪವರ್ ಬಟನ್ ಒತ್ತಿ ಹಿಡಿದು ಮತ್ತೆ ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುತ್ತದೆ. ಲಾಗ್ ತೆರೆದು ನೋಡಿದರೆ ಆ ಹೊತ್ತಿನ ಒಂದು ಸಾಲೂ ಇರುವುದಿಲ್ಲ. ಇಂಥ ದೋಷವನ್ನು ಹುಡುಕಹೊರಟವರಲ್ಲಿ ಬಹುಪಾಲು ಜನ ಸೋಲುವುದಕ್ಕೆ ಜ್ಞಾನದ ಕೊರತೆಗಿಂತ ಕ್ರಮದ ತಪ್ಪೇ ಕಾರಣ. ಮೊದಲು ಕರ್ನಲ್ (ಹಾರ್ಡ್‌ವೇರನ್ನೂ ಪ್ರೋಗ್ರಾಂಗಳನ್ನೂ ನಡೆಸುವ ಲಿನಕ್ಸ್‌ನ ತಿರುಳು) ಬದಲಾಯಿಸುತ್ತಾರೆ, ನಾಲ್ಕು ದಿನ ನೋಡಿ ಸರಿಯಾಯಿತೆನ್ನುತ್ತಾರೆ, ದೋಷ ಮರಳಿ ಬಂದಾಗ ಗಿಟ್ ಬೈಸೆಕ್ಟ್‌ಗೆ (ಬದಲಾವಣೆಗಳ ಪಟ್ಟಿಯನ್ನು ಅರ್ಧ ಅರ್ಧ ಮಾಡುತ್ತ ತಪ್ಪು ಹುಟ್ಟಿದ ಜಾಗವನ್ನು ಹುಡುಕುವ ಕ್ರಮಕ್ಕೆ) ಕೈ ಹಾಕುತ್ತಾರೆ, ಕೊನೆಗೆ ಸಂಬಂಧವೇ ಇಲ್ಲದ ಯಾವುದೋ ಕಮಿಟ್‌ನ (ದಾಖಲಾದ ಒಂದು ಬದಲಾವಣೆಯ) ಮೇಲೆ ಬೆರಳು ತೋರಿಸುತ್ತಾರೆ.

ಕೆಳಗಿನ ಹಂತಗಳು ಈ ಅನುಕ್ರಮವನ್ನು ತಿರುಗಿಸುತ್ತವೆ. ಸಾಕ್ಷ್ಯ ಉಳಿಯುವಂತೆ ಮಾಡುವುದು ಮೊದಲು, ದೋಷವು ಪದೇ ಪದೇ ಬರುವಂತೆ ಮಾಡುವುದು ಅನಂತರ, ಕಾರಣವನ್ನು ಊಹಿಸುವುದು ಅದಕ್ಕೂ ಆಮೇಲೆ. ವಿವರಣೆಗಾಗಿ ಒಂದು ಕಲ್ಪಿತ ಉದಾಹರಣೆಯನ್ನು ಇಟ್ಟುಕೊಳ್ಳೋಣ: ಬದಿಯಡ್ಕದ ಕಡೆಯ ಒಂದು ಅಡಿಕೆ ಖರೀದಿ ಅಂಗಡಿ, ಅಲ್ಲಿಯ ಕಂಪ್ಯೂಟರಿಗೆ ಯುಎಸ್‌ಬಿ ಮೂಲಕ ಜೋಡಿಸಿದ ಎಲೆಕ್ಟ್ರಾನಿಕ್ ತಕ್ಕಡಿ, ಕರ್ನಲ್ ಹೊಸದಾದ ಮೇಲೆ, ಅದೂ ಮಳೆಗಾಲದಲ್ಲಿ ಮಾತ್ರ, ಯಂತ್ರ ಸ್ತಬ್ಧವಾಗುತ್ತದೆ.

ಬೇಕಾಗುವ ಸಾಧನಗಳು

ದೋಷವಿರುವ ಯಂತ್ರದ ಜೊತೆಗೆ ಅದೇ ನೆಟ್‌ವರ್ಕ್‌ನಲ್ಲಿ, ಕೇಬಲ್ ಮೂಲಕ ಜೋಡಣೆಯಾದ ಇನ್ನೊಂದು ಕಂಪ್ಯೂಟರ್ ಬೇಕು. ಹಳೆಯ ಲ್ಯಾಪ್‌ಟಾಪ್ ಸಾಕು. ಮದರ್‌ಬೋರ್ಡ್‌ನಲ್ಲಿ ಸೀರಿಯಲ್ ಪೋರ್ಟ್ ಇದ್ದರೆ ನಲ್-ಮೋಡೆಮ್ ಕೇಬಲ್ ಒಂದನ್ನು ತರಿಸಿಟ್ಟುಕೊಳ್ಳಿ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಹಾಕಿದ ಪೆನ್‌ಡ್ರೈವ್, ಡೀಬಗ್ ಮಾಹಿತಿಯೊಡನೆ ಕರ್ನಲ್ ಕಟ್ಟಲು 30 ಜಿಬಿಯಷ್ಟು ಖಾಲಿ ಜಾಗ, ಮತ್ತು ಒಂದು ಸಾದಾ ನೋಟ್‌ಪುಸ್ತಕ ಇರಲಿ. ಈಗ ಓಡುತ್ತಿರುವ ಕರ್ನಲ್‌ಗೆ ಸರಿಹೊಂದುವ, ಡೀಬಗ್ ಚಿಹ್ನೆಗಳಿರುವ (ಯಾವ ವಿಳಾಸ ಮೂಲದ ಯಾವ ಸಾಲಿನದೆಂದು ಹೇಳುವ) ವಿಎಂಲಿನಕ್ಸ್ ಕಡತವನ್ನು ಮೊದಲೇ ಇಳಿಸಿಡುವುದು ಅತ್ಯಗತ್ಯ. ಆವೃತ್ತಿಯ ಕೊನೆಯ ಅಂಕಿ ಬೇರೆಯಾದರೂ ವಿಳಾಸಗಳು ತಪ್ಪು ಸಾಲುಗಳನ್ನು ತೋರಿಸುತ್ತವೆ.

1. ದೂರನ್ನು ಸಾಕ್ಷ್ಯವಾಗಿ ಬರೆದುಕೊಳ್ಳುವುದು

‘ಹ್ಯಾಂಗ್ ಆಯಿತು’ ಎಂಬ ಮಾತಿನಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಸ್ಥಿತಿಗಳು ಅಡಗಿರುತ್ತವೆ. ಪರದೆ ಮಾತ್ರ ನಿಂತಿರಬಹುದು, ಕೆಲವು ಪ್ರೋಗ್ರಾಂಗಳು ಮಾತ್ರ ಡಿಸ್ಕ್‌ಗಾಗಿ ಕಾಯುತ್ತಿರಬಹುದು, ಇಡೀ ಕರ್ನಲ್ ನಿಂತಿರಬಹುದು, ಅಥವಾ ಯಂತ್ರವೇ ತಾನಾಗಿ ರೀಬೂಟ್ ಆಗಿರಬಹುದು. ಇವನ್ನು ಬೇರ್ಪಡಿಸಲು ಅಂಗಡಿಯವರಿಗೆ ಎರಡು ಪರೀಕ್ಷೆಗಳನ್ನು ಹೇಳಿಕೊಟ್ಟರೆ ಸಾಕು: ಕ್ಯಾಪ್ಸ್‌ಲಾಕ್ ಒತ್ತಿದಾಗ ದೀಪ ಬದಲಾಗುತ್ತದೆಯೇ, ಮತ್ತು ಇನ್ನೊಂದು ಕಂಪ್ಯೂಟರಿನಿಂದ ಪಿಂಗ್ ಮಾಡಿದರೆ ಉತ್ತರ ಬರುತ್ತದೆಯೇ. ಪಿಂಗ್‌ಗೆ ಉತ್ತರ ಬಂದು ಎಸ್‌ಎಸ್‌ಎಚ್ ಮಾತ್ರ ತೆರೆಯದಿದ್ದರೆ, ಇಂಟರಪ್ಟ್‌ಗಳನ್ನು (ಹಾರ್ಡ್‌ವೇರ್ ಕಳುಹಿಸುವ ತುರ್ತು ಕರೆಗಳನ್ನು) ನಿರ್ವಹಿಸುವ ಭಾಗ ಜೀವಂತವಿದ್ದು, ಸಾಮಾನ್ಯ ಪ್ರೋಗ್ರಾಂಗಳು ಯಾವುದೋ ಬೀಗಕ್ಕಾಗಿಯೋ (ಒಂದು ಮೌಲ್ಯವನ್ನು ಒಮ್ಮೆಗೆ ಒಬ್ಬರೇ ಮುಟ್ಟುವಂತೆ ಕಾಯುವ ಲಾಕ್) ಡಿಸ್ಕ್‌ಗಾಗಿಯೋ ಕಾಯುತ್ತಿವೆ ಎಂದು ತಿಳಿಯಬಹುದು.

ಪ್ರತಿ ಘಟನೆಗೂ ಗಡಿಯಾರದ ಸಮಯ, ಯಂತ್ರ ಚಾಲೂ ಆಗಿ ಎಷ್ಟು ಹೊತ್ತಾಗಿತ್ತು ಎಂಬುದು, ಜೋಡಿಸಿದ್ದ ಸಾಧನಗಳು, ಕರೆಂಟಿನ ಸ್ಥಿತಿ, ಇಷ್ಟನ್ನು ಬರೆಸಿ. ಚಾಲೂ ಆದ ಹೊತ್ತು ಪ್ರತಿ ಬಾರಿಯೂ ಒಂದೇ ಆಗಿದ್ದರೆ ಅದು ದೊಡ್ಡ ಸುಳಿವು. 32 ಬಿಟ್‌ಗಳ ಮಿಲಿಸೆಕೆಂಡ್ ಎಣಿಕೆ 49.7 ದಿನಗಳಿಗೆ ತುಂಬಿ ಸೊನ್ನೆಗೆ ಮರಳುತ್ತದೆ. ಚಿಹ್ನೆಸಹಿತ ಎಣಿಕೆ 24.8 ದಿನಗಳಿಗೇ ಋಣಸಂಖ್ಯೆಯಾಗುತ್ತದೆ. ಇಂಥ ತಪ್ಪುಗಳು ಬೇಗನೆ ಬಯಲಾಗಲೆಂದೇ ಲಿನಕ್ಸ್‌ನ ಜಿಫೀಸ್ ಎಣಿಕೆಯ (ಕರ್ನಲ್ ಗಡಿಯಾರದ ಮಿಡಿತಗಳ ಎಣಿಕೆ) ಕೆಳಗಿನ 32 ಬಿಟ್‌ಗಳನ್ನು, ಬೂಟ್ ಆದ ಐದು ನಿಮಿಷಕ್ಕೆ ತುಂಬಿ ಮರಳುವ ಹಾಗೆ ಆರಂಭಿಸಿಡಲಾಗಿದೆ. ಆದ್ದರಿಂದ ‘ಚಾಲೂ ಮಾಡಿ ಐದು ನಿಮಿಷಕ್ಕೆ ಸರಿಯಾಗಿ’ ಎಂಬ ದೂರನ್ನು ಹಗುರವಾಗಿ ತೆಗೆದುಕೊಳ್ಳಬಾರದು.

2. ಸಾಕ್ಷ್ಯ ಅಳಿಯದಂತೆ ಮಾಡುವುದು

ಕರ್ನಲ್ ಕುಸಿಯುವ ಹೊತ್ತಿಗೆ ಡಿಸ್ಕ್‌ಗೆ ಬರೆಯುವ ವ್ಯವಸ್ಥೆಯೂ ಕುಸಿದಿರುತ್ತದೆ. ಸಾಮಾನ್ಯ ಲಾಗ್ ಖಾಲಿಯಿರುವುದಕ್ಕೆ ಇದೇ ಕಾರಣ. ಹಾಗಾಗಿ ಸಂದೇಶಗಳನ್ನು ಯಂತ್ರದಿಂದ ಹೊರಗೆ ಒಯ್ಯಬೇಕು. ಸೀರಿಯಲ್ ಪೋರ್ಟ್ ಇದ್ದರೆ ಕನ್ಸೋಲನ್ನು 115200 ವೇಗದಲ್ಲಿ ಅದಕ್ಕೆ ತಿರುಗಿಸುವುದು ಎಲ್ಲಕ್ಕಿಂತ ನಂಬಿಕಸ್ಥ ದಾರಿ. ಇಲ್ಲದಿದ್ದರೆ ನೆಟ್‌ಕನ್ಸೋಲ್ ಬಳಸಿ. ಅದು ಕರ್ನಲ್ ಸಂದೇಶಗಳನ್ನು ಯುಡಿಪಿ ಪ್ಯಾಕೆಟ್‌ಗಳಾಗಿ ಇನ್ನೊಂದು ಕಂಪ್ಯೂಟರಿನ 6666ನೇ ಪೋರ್ಟ್‌ಗೆ ಕಳುಹಿಸುತ್ತದೆ. ವೈಫೈ ಮೇಲೆ ಇದನ್ನು ನೆಚ್ಚಬೇಡಿ.

ಇಲ್ಲಿ ಪದೇ ಪದೇ ಆಗುವ ತಪ್ಪೆಂದರೆ ಬೂಟ್ ಸಾಲಿನಲ್ಲಿ (ಬೂಟ್ ಹೊತ್ತಿನಲ್ಲಿ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲಿನಲ್ಲಿ) ‘ಕ್ವಯೆಟ್’ ಎಂಬ ಪದವನ್ನು ಹಾಗೆಯೇ ಬಿಡುವುದು. ಅದು ಕನ್ಸೋಲ್‌ನ ಮಟ್ಟವನ್ನು 4ಕ್ಕೆ ಇಳಿಸುವುದರಿಂದ, ಕುಸಿತಕ್ಕೆ ಮುಂಚೆ ಬರುವ ಎಚ್ಚರಿಕೆಯ ಸಂದೇಶಗಳು ಹೊರಗೆ ಹೋಗುವುದೇ ಇಲ್ಲ. ಆ ಪದವನ್ನು ತೆಗೆದು ಮಟ್ಟವನ್ನು 8ಕ್ಕೆ ಏರಿಸಿ.

ಮೂರನೆಯ ದಾರಿ ಪಿಸ್ಟೋರ್. ಯುಇಎಫ್‌ಐ ಇರುವ ಯಂತ್ರಗಳಲ್ಲಿ ಕೊನೆಯ ಸಂದೇಶಗಳನ್ನು ಫರ್ಮ್‌ವೇರ್‌ನ ಜಾಗದಲ್ಲೇ ಉಳಿಸಿ, ಮುಂದಿನ ಬೂಟ್‌ನಲ್ಲಿ ಕಡತವಾಗಿ ತೋರಿಸಲು ಸಾಧ್ಯವಿದೆ. ನಾಲ್ಕನೆಯದು ಕೆಡಂಪ್: ಬೂಟ್ ಹೊತ್ತಿನಲ್ಲಿ 256 ಎಂಬಿಯಷ್ಟು ಮೆಮೊರಿಯನ್ನು ಬದಿಗಿಟ್ಟು ಅಲ್ಲಿ ಎರಡನೆಯ ಕರ್ನಲ್ ಒಂದನ್ನು ಸಿದ್ಧವಾಗಿಡಲಾಗುತ್ತದೆ, ಮೊದಲಿನದು ಕುಸಿದಾಗ ಎರಡನೆಯದು ಎದ್ದು, ಇಡೀ ಮೆಮೊರಿಯ ನಕಲನ್ನು ಡಿಸ್ಕ್‌ಗೆ ಬರೆಯುತ್ತದೆ. ಆ ನಕಲಿನಲ್ಲಿ ಅಂಗಡಿಯ ಲೆಕ್ಕವೂ ಪಾಸ್‌ವರ್ಡ್‌ಗಳೂ ಇರಬಹುದು. ಅದನ್ನು ಯಾರಿಗೂ ಹಾಗೆಯೇ ಕಳುಹಿಸಬಾರದು.

ಅನಂತರ, ಮೌನವಾಗಿ ಸ್ತಬ್ಧವಾಗುವುದನ್ನು ಗದ್ದಲದ ಕುಸಿತವಾಗಿ ಬದಲಾಯಿಸಬೇಕು. ಊಪ್ಸ್ (ಕರ್ನಲ್ ತನ್ನೊಳಗಿನ ತಪ್ಪನ್ನು ವರದಿ ಮಾಡುವ ಸಂದೇಶ) ಬಂದೊಡನೆ ಪ್ಯಾನಿಕ್ (ಕರ್ನಲ್ ತಾನೇ ಪೂರ್ತಿ ನಿಲ್ಲುವುದು) ಆಗುವಂತೆಯೂ, ಸಾಫ್ಟ್ ಲಾಕಪ್ (ಸಿಪಿಯು ಬೇರೆ ಪ್ರೋಗ್ರಾಂಗಳಿಗೆ ಅವಕಾಶ ಕೊಡದಿರುವುದು) ಮತ್ತು ಹಾರ್ಡ್ ಲಾಕಪ್ (ಇಂಟರಪ್ಟ್‌ಗಳಿಗೂ ಸ್ಪಂದಿಸದಿರುವುದು) ಕಂಡಾಗಲೂ ಹಾಗೆಯೇ ಆಗುವಂತೆಯೂ ಸಿಸ್‌ಸಿಟಿಎಲ್ (ಕರ್ನಲ್‌ನ ಹೊಂದಿಕೆ ಬದಲಿಸುವ ಆಜ್ಞೆ) ಮೂಲಕ ಹೊಂದಿಸಿ. ಮೂಲ ಹೊಂದಿಕೆಯಲ್ಲಿ ಹಾರ್ಡ್ ಲಾಕಪ್ ಪತ್ತೆಗೆ ಸುಮಾರು 10 ಸೆಕೆಂಡ್, ಸಾಫ್ಟ್ ಲಾಕಪ್‌ಗೆ 20 ಸೆಕೆಂಡ್, ಅಲುಗದೆ ಕಾಯುತ್ತಿರುವ ಪ್ರೋಗ್ರಾಂಗಳ ಪತ್ತೆಗೆ 120 ಸೆಕೆಂಡ್ ಬೇಕಾಗುತ್ತದೆ. ಬಳಕೆದಾರರು ಅರ್ಧ ನಿಮಿಷಕ್ಕೇ ಪವರ್ ಬಟನ್ ಒತ್ತುತ್ತಾರೆಂಬುದನ್ನು ನೆನಪಿಡಿ. ಕನಿಷ್ಠ ಮೂರು ನಿಮಿಷ ಮುಟ್ಟಬಾರದೆಂದು ಚೀಟಿ ಬರೆದು ಮಾನಿಟರ್‌ಗೆ ಅಂಟಿಸುವುದು ಒಳ್ಳೆಯದು.

ಕರ್ನಲ್‌ಗೆ ಕೀಬೋರ್ಡ್‌ನಿಂದ ನೇರವಾಗಿ ಆಜ್ಞೆ ಕೊಡುವ ಮ್ಯಾಜಿಕ್ ಸಿಸ್‌ಆರ್‌ಕ್ಯೂ ಕೀಲಿಯನ್ನೂ ಪೂರ್ತಿಯಾಗಿ ತೆರೆದಿಡಿ. ಉಬುಂಟುವಿನಲ್ಲಿ ಅದರ ಮೌಲ್ಯ 176 ಆಗಿರುತ್ತದೆ, ಅಂದರೆ 128, 32, 16 ಸೇರಿದ ಮೊತ್ತ. ಸ್ಥಿತಿಯನ್ನು ಮುದ್ರಿಸಲು ಬೇಕಾದ 8 ಅದರಲ್ಲಿ ಇಲ್ಲ. ಮೌಲ್ಯವನ್ನು 1 ಮಾಡಿದರೆ, ಯಂತ್ರ ನಿಂತಾಗ ಆಲ್ಟ್ ಮತ್ತು ಸಿಸ್‌ಆರ್‌ಕ್ಯೂ ಜೊತೆ ‘ಡಬ್ಲ್ಯೂ’ ಒತ್ತಿ ಕಾಯುತ್ತಿರುವ ಪ್ರೋಗ್ರಾಂಗಳನ್ನೂ, ‘ಎಲ್’ ಒತ್ತಿ ಪ್ರತಿ ಸಿಪಿಯು ಏನು ಮಾಡುತ್ತಿದೆ ಎಂಬುದನ್ನೂ ಹೊರಗೆಳೆಯಬಹುದು.

ಇಷ್ಟಾದ ಮೇಲೆ, ತೆರೆದ ಕಡತಗಳನ್ನೆಲ್ಲ ಮುಚ್ಚಿ, ಸಿಸ್‌ಆರ್‌ಕ್ಯೂ ‘ಸಿ’ ಮೂಲಕ ಯಂತ್ರವನ್ನು ನೀವೇ ಒಮ್ಮೆ ಕೆಡವಿ ನೋಡಿ. ಸಂದೇಶ ಇನ್ನೊಂದು ಕಂಪ್ಯೂಟರಿಗೆ ಬಂತೇ? ಮೆಮೊರಿಯ ನಕಲು ಸಿಕ್ಕಿತೇ? ಈ ಪರೀಕ್ಷೆಯನ್ನು ಬಿಟ್ಟವರು ಹದಿನೈದು ದಿನ ಕಾದು, ದೋಷ ಬಂದ ದಿನವೇ ನೆಟ್‌ಕನ್ಸೋಲ್ ತಪ್ಪು ವಿಳಾಸಕ್ಕೆ ಕಳುಹಿಸುತ್ತಿತ್ತೆಂದು ಕಂಡುಕೊಳ್ಳುತ್ತಾರೆ.

3. ಹಾರ್ಡ್‌ವೇರನ್ನು ಪಟ್ಟಿಯಿಂದ ಹೊರಗಿಡುವುದು

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ, ತುಲಾವರ್ಷದ (ಹಿಂಗಾರು ಮಳೆಯ) ಸಂಜೆಗಳ ಸಿಡಿಲು, ಕರೆಂಟು ಕ್ಷಣಹೊತ್ತು ಹೋಗಿ ಬರುವುದು, ಇವೆಲ್ಲ ಇರುವುದರಿಂದ ಈ ಹಂತವನ್ನು ದಾಟಿ ಹೋಗುವಂತಿಲ್ಲ. ಮೆಮ್‌ಟೆಸ್ಟನ್ನು ಒಂದಿಡೀ ರಾತ್ರಿ ಓಡಿಸಿ. ಮೆಷಿನ್ ಚೆಕ್ ಸಂದೇಶಗಳು (ಹಾರ್ಡ್‌ವೇರ್ ತಪ್ಪನ್ನು ಸಿಪಿಯು ತಾನೇ ತಿಳಿಸುವಂಥವು), ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಹೇಳುವ ಸ್ಮಾರ್ಟ್ ವರದಿ, ಸಿಪಿಯು ಉಷ್ಣತೆ, ಇವನ್ನು ನೋಡಿ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಿ.

ಹಾರ್ಡ್‌ವೇರ್ ಕೆಟ್ಟಿದೆ ಎನ್ನುವುದಕ್ಕೆ ಎರಡು ಗುರುತುಗಳಿವೆ. ಪ್ರತಿ ಬಾರಿಯ ಕುಸಿತವೂ ಒಂದಕ್ಕೊಂದು ತಾಳವಿಲ್ಲದ ಬೇರೆ ಬೇರೆ ಜಾಗದಲ್ಲಿ ಆಗುವುದು ಮೊದಲನೆಯದು. ಇರಬೇಕಾದ ಮೌಲ್ಯಕ್ಕೂ ಇರುವ ಮೌಲ್ಯಕ್ಕೂ ಒಂದೇ ಒಂದು ಬಿಟ್‌ನ ವ್ಯತ್ಯಾಸ ಕಾಣುವುದು ಎರಡನೆಯದು. ಆದರೆ ‘ಮಳೆ ಬಂದರೆ ನಿಲ್ಲುತ್ತದೆ’ ಎಂದ ಮಾತ್ರಕ್ಕೆ ಹಾರ್ಡ್‌ವೇರ್ ದೋಷವೆಂದು ತೀರ್ಮಾನಿಸಬೇಡಿ. ಕರೆಂಟು ಅಲುಗಿದಾಗ ಯುಎಸ್‌ಬಿ ಸಾಧನ ಬಿಟ್ಟುಹೋಗಿ ಮತ್ತೆ ಜೋಡಣೆಯಾಗುವುದು ಸಹಜ. ಅದನ್ನು ಸಹಿಸಿಕೊಳ್ಳಬೇಕಾದುದು ಡ್ರೈವರ್‌ನ ಕರ್ತವ್ಯ.

4. ಮೊದಲ ಊಪ್ಸ್ ಸಂದೇಶವನ್ನು ಓದುವುದು

ಸಂದೇಶಗಳು ಸಾಲುಸಾಲಾಗಿ ಬಂದಿದ್ದರೆ ಮೊದಲನೆಯದನ್ನು ಮಾತ್ರ ನಂಬಿ. ಒಮ್ಮೆ ಕೆಟ್ಟ ಕರ್ನಲ್‌ನಲ್ಲಿ ಮುಂದೆ ಕಾಣುವುದೆಲ್ಲ ಮೊದಲ ಕೆಡುಕಿನ ಪರಿಣಾಮವಾಗಿರಬಹುದು. ‘ಟೇಂಟೆಡ್’ ಎಂಬ ಪದದ ಮುಂದಿನ ಅಕ್ಷರಗಳನ್ನು ನೋಡಿ: ‘ಪಿ’ ಇದ್ದರೆ ಮುಕ್ತವಲ್ಲದ ಮಾಡ್ಯೂಲ್ ಸೇರಿದೆ, ‘ಓ’ ಇದ್ದರೆ ಕರ್ನಲ್‌ನ ಮರದ (ಅಧಿಕೃತ ಮೂಲ ಸಂಗ್ರಹದ) ಹೊರಗಿನ ಮಾಡ್ಯೂಲ್ ಇದೆ, ‘ಎಂ’ ಇದ್ದರೆ ಮೆಷಿನ್ ಚೆಕ್ ಆಗಿದೆ. ‘ಡಬ್ಲ್ಯೂ’ ಅಥವಾ ‘ಡಿ’ ಇದ್ದರೆ ಇದಕ್ಕೂ ಮುಂಚೆ ಒಂದು ಎಚ್ಚರಿಕೆಯೋ ಊಪ್ಸೋ ಬಂದುಹೋಗಿದೆಯೆಂದು ಅರ್ಥ; ಮೊದಲು ಅದನ್ನು ಹುಡುಕಿ.

ಮುಂದೆ ತಪ್ಪಾದ ವಿಳಾಸವನ್ನು ನಿಧಾನವಾಗಿ ಓದಬೇಕು, ಏಕೆಂದರೆ ದೋಷದ ಜಾತಿ ಬಹಳಷ್ಟು ಸಲ ಆ ಒಂದು ಅಂಕಿಯಲ್ಲೇ ತಿಳಿಯುತ್ತದೆ. ವಿಳಾಸವು ಬರೀ ಸೊನ್ನೆಗಳಾಗಿ ಕೊನೆಯಲ್ಲಿ 28 ಎಂದಿದ್ದರೆ, ಖಾಲಿ ಪಾಯಿಂಟರ್ (ಮೆಮೊರಿ ವಿಳಾಸವನ್ನು ಹಿಡಿದಿಡುವ ಮೌಲ್ಯ) ಒಂದರ ಮೂಲಕ ಸ್ಟ್ರಕ್ಟ್‌ನ (ಮೌಲ್ಯಗಳ ಗುಂಪಿನ) ಆರಂಭದಿಂದ 40 ಬೈಟ್ ದೂರದ ಸದಸ್ಯವನ್ನು ಓದಲು ಹೋಗಿದ್ದಾರೆ. ಆ ಅಂಕಿ ಹದಿನಾರರ ಮಾನದಲ್ಲಿರುತ್ತದೆ ಎಂಬುದನ್ನು ಮರೆಯಬಾರದು. ರಿಜಿಸ್ಟರ್‌ನಲ್ಲಿ ‘6ಬಿ 6ಬಿ 6ಬಿ’ ಎಂದು ಸಾಲಾಗಿ ಕಂಡರೆ, ಬಿಡುಗಡೆ ಮಾಡಿದ ಮೆಮೊರಿಯನ್ನು ಯಾರೋ ಮತ್ತೆ ಬಳಸಿದ್ದಾರೆ. ಸ್ಲಬ್ ಡೀಬಗ್ ಚಾಲೂ ಇದ್ದಾಗ, ಬಿಟ್ಟ ಮೆಮೊರಿಗೆ ಕರ್ನಲ್ ಇದನ್ನೇ ತುಂಬುತ್ತದೆ. ‘ಡಿ-ಇ-ಎ-ಡಿ’ ಅಕ್ಷರಗಳಿಂದ ಆರಂಭವಾಗಿ 100 ಅಥವಾ 122ರಲ್ಲಿ ಮುಗಿಯುವ ವಿಳಾಸವು, ಪಟ್ಟಿಯಿಂದ ಒಮ್ಮೆ ತೆಗೆದ ಅಂಶವನ್ನು ಮತ್ತೆ ತೆಗೆಯಲೋ ದಾಟಲೋ ಹೋದುದರ ಗುರುತು.

ಕಾಲ್ ಟ್ರೇಸ್‌ನಲ್ಲಿ (ಯಾವ ಕಾರ್ಯವನ್ನು ಯಾವುದು ಕರೆಯಿತೆಂಬ ಪಟ್ಟಿಯಲ್ಲಿ) ಪ್ರಶ್ನಾರ್ಥಕ ಚಿಹ್ನೆಯಿರುವ ಸಾಲುಗಳು ಸ್ಟ್ಯಾಕ್‌ನಲ್ಲಿ ಉಳಿದ ಹಳೆಯ ವಿಳಾಸಗಳಾಗಿರಬಹುದು. ಅವುಗಳ ಮೇಲೆ ವಾದ ಕಟ್ಟಬೇಡಿ. ಕರ್ನಲ್ ಮೂಲದ ಜೊತೆಗೇ ಬರುವ ಡೀಕೋಡ್-ಸ್ಟ್ಯಾಕ್‌ಟ್ರೇಸ್ ಸ್ಕ್ರಿಪ್ಟ್‌ಗೆ ವಿಎಂಲಿನಕ್ಸ್ ಕಡತವನ್ನು ಕೊಟ್ಟರೆ ಪ್ರತಿ ವಿಳಾಸಕ್ಕೂ ಕಡತದ ಹೆಸರು, ಸಾಲಿನ ಸಂಖ್ಯೆ ಸಿಗುತ್ತದೆ.

ನಮ್ಮ ತಕ್ಕಡಿಯ ಉದಾಹರಣೆಯಲ್ಲಿ ಟ್ರೇಸ್ ತೋರಿಸುವ ಪ್ರೋಗ್ರಾಂ ‘ಸ್ವಾಪರ್/1’, ಅಂದರೆ ಕೆಲಸವಿಲ್ಲದೆ ಕುಳಿತ ಸಿಪಿಯುವಿನ ಪ್ರೋಗ್ರಾಂ. ಮೇಲಿನ ಸಾಲುಗಳೆಲ್ಲ ಕರ್ನಲ್‌ನ ಟೈಮರ್ ಭಾಗದವು. ತಕ್ಕಡಿಯ ಡ್ರೈವರ್‌ನ ಹೆಸರೇ ಅಲ್ಲಿ ಇಲ್ಲ. ಹೊಸಬರು ಇಲ್ಲಿ ಟೈಮರ್ ಸಂಕೇತದಲ್ಲೇ (ಕೋಡ್‌ನಲ್ಲೇ) ದೋಷವಿದೆಯೆಂದು ದಾರಿತಪ್ಪುತ್ತಾರೆ. ಊಪ್ಸ್ ಹೇಳುವುದು ಗುಂಡಿಗೆ ಬಿದ್ದವನ ಹೆಸರನ್ನು. ತೋಡಿದವನು ಆ ಹೊತ್ತಿಗೆ ಜಾಗ ಖಾಲಿ ಮಾಡಿರುತ್ತಾನೆ. ಲಕ್ಷಾಂತರ ಯಂತ್ರಗಳಲ್ಲಿ ಓಡುವ ಸಾಮಾನ್ಯ ಭಾಗಕ್ಕಿಂತ, ಕೆಲವೇ ಯಂತ್ರಗಳಲ್ಲಿರುವ ಡ್ರೈವರ್‌ನ ಮೇಲೆ ಮೊದಲು ಅನುಮಾನಪಡುವುದು ವಿವೇಕ.

5. ದೋಷ ಹೆಚ್ಚು ಸಲ ಬರುವಂತೆ ಮಾಡುವುದು

ಈ ಹಂತಕ್ಕೆ ಉಳಿದೆಲ್ಲವುಗಳಿಗಿಂತ ಹೆಚ್ಚು ಸಮಯ ಕೊಡಿ. ಕಾರಣ ಸರಳವಾದ ಲೆಕ್ಕದಲ್ಲಿದೆ. ದೋಷವು ಸರಾಸರಿ ಹದಿನೈದು ದಿನಕ್ಕೊಮ್ಮೆ, ಹೊತ್ತುಗೊತ್ತಿಲ್ಲದೆ ಬರುತ್ತದೆ ಎಂದುಕೊಳ್ಳಿ. ಸರಾಸರಿ ಅವಧಿಯ ಮೂರು ಪಟ್ಟು, ಅಂದರೆ 45 ದಿನ, ಸುಮ್ಮನೆ ಕಾದರೂ, ದೋಷ ಹಾಗೆಯೇ ಇದ್ದು ಬರೀ ಅದೃಷ್ಟದಿಂದ ಕಾಣದೆ ಹೋಗುವ ಸಾಧ್ಯತೆ ಶೇಕಡ 5ರಷ್ಟು ಉಳಿದಿರುತ್ತದೆ. ಐದು ಪಟ್ಟು ಕಾದರೆ ಅದು ಶೇಕಡ 0.7ಕ್ಕೆ ಇಳಿಯುತ್ತದೆ, ಆದರೆ ಅಷ್ಟಕ್ಕೆ 75 ದಿನ ಬೇಕು. ನಾಲ್ಕು ದಿನ ನೋಡಿ ಸರಿಯಾಯಿತೆನ್ನುವವರ ಮಟ್ಟಿಗೆ, ದೋಷ ಹಾಗೆಯೇ ಇದ್ದೂ ಕಾಣದೆ ಹೋಗುವ ಸಾಧ್ಯತೆ ಶೇಕಡ 77ರಷ್ಟಿರುತ್ತದೆ.

ಆದ್ದರಿಂದ ಮೊದಲು ಪ್ರಚೋದನೆಯನ್ನು ಹುಡುಕಿ, ಗಂಟೆಗಳ ಬದಲು ಪ್ರಚೋದನೆಗಳನ್ನು ಎಣಿಸಿ. ನೋಟ್‌ಪುಸ್ತಕದಲ್ಲಿ ಪ್ರತಿ ಘಟನೆಯ ಪಕ್ಕದಲ್ಲೂ ‘ಕರೆಂಟು ಹೋಗಿ ಬಂತು’ ಎಂದಿದ್ದರೆ, ಮತ್ತು ಕರ್ನಲ್ ಲಾಗ್‌ನಲ್ಲಿ ಅದೇ ಹೊತ್ತಿಗೆ ಯುಎಸ್‌ಬಿ ಸಾಧನ ಕಳಚಿದ ಸಂದೇಶವಿದ್ದರೆ, ಕಳಚುವ ಕ್ರಿಯೆಯೇ ಪ್ರಚೋದನೆಯೆಂದು ಊಹಿಸಬಹುದು. ಮಳೆಗಾಗಿ ಕಾಯಬೇಕಿಲ್ಲ. ಸಿಸ್ ಕಡತವ್ಯವಸ್ಥೆಯಲ್ಲಿ ಪ್ರತಿ ಯುಎಸ್‌ಬಿ ಸಾಧನಕ್ಕೂ ‘ಆಥರೈಸ್ಡ್’ ಎಂಬ ಕಡತವಿದೆ. ಅದಕ್ಕೆ 0 ಬರೆದರೆ ಡ್ರೈವರ್ ಕಳಚಿಕೊಳ್ಳುತ್ತದೆ, 1 ಬರೆದರೆ ಮತ್ತೆ ಜೋಡಣೆಯಾಗುತ್ತದೆ. ಒಂದು ಸುತ್ತಿಗೆ 3 ಸೆಕೆಂಡ್ ಹಿಡಿಯಿತೆನ್ನೋಣ. ಇನ್ನೂರು ಸುತ್ತಿಗೆ ಒಮ್ಮೆಯಂತೆ ದೋಷ ಬಂದರೆ, ಐದು ಪಟ್ಟಿನ ಪರೀಕ್ಷೆ, ಅಂದರೆ ಸಾವಿರ ಸುತ್ತುಗಳು, 50 ನಿಮಿಷಕ್ಕೆ ಮುಗಿಯುತ್ತವೆ. ಎಪ್ಪತ್ತೈದು ದಿನದ ಕೆಲಸ ಒಂದು ಗಂಟೆಯೊಳಗೆ ಬಂದು ನಿಂತಿತು.

ಹೀಗೆ ಬರೆದು ಕಳಚುವುದು ನಿಜವಾದ ಕರೆಂಟು ಅಲುಗಾಟಕ್ಕೆ ಪೂರ್ತಿ ಸಮವಲ್ಲ. ವಿದ್ಯುತ್ ತಪ್ಪಿದಾಗ, ನಡೆಯುತ್ತಿರುವ ಡೇಟಾ ವರ್ಗಾವಣೆಗಳು ಮೊದಲು ವಿಫಲವಾಗಿ, ಆಮೇಲೆ ಸಾಧನ ಕಳಚುತ್ತದೆ. ಸ್ಕ್ರಿಪ್ಟ್‌ನಲ್ಲಿ ದೋಷ ಬರದಿದ್ದರೆ, ಪ್ರತಿ ಪೋರ್ಟ್‌ನ ವಿದ್ಯುತ್ತನ್ನು ಬೇರೆ ಬೇರೆಯಾಗಿ ಆರಿಸಬಲ್ಲ ಹಬ್ ಬಳಸಿ ನೋಡಿ.

ಪ್ರಚೋದನೆ ಯಾವುದೆಂದು ತಿಳಿಯದಿದ್ದರೆ ಸುತ್ತಲಿನ ಒತ್ತಡವನ್ನು ಬದಲಾಯಿಸುತ್ತ ಹೋಗಬೇಕು. ಮೆಮೊರಿಯನ್ನು ಬೂಟ್ ಸಾಲಿನಲ್ಲೇ 2 ಜಿಬಿಗೆ ಮಿತಗೊಳಿಸಿ, ಕೃತಕವಾಗಿ ಹೊರೆ ಹೇರುವ ಸ್ಟ್ರೆಸ್-ಎನ್‌ಜಿ ಓಡಿಸಿ, ಮೆಮೊರಿ ಹಂಚಿಕೆ ಆಗಾಗ ವಿಫಲವಾಗುವಂತೆ ಕರ್ನಲ್‌ನ ಫಾಲ್ಟ್ ಇಂಜೆಕ್ಷನ್ ಬಳಸಿ. ಒಂದೇ ಸಿಪಿಯುವಿನಿಂದ ಬೂಟ್ ಮಾಡಿದಾಗ ದೋಷ ಮಾಯವಾದರೆ ಎರಡು ಸಿಪಿಯುಗಳ ನಡುವಿನ ರೇಸ್ (ಯಾವುದು ಮೊದಲು ಮುಟ್ಟಿತೆಂಬುದರ ಮೇಲೆ ಫಲ ಬದಲಾಗುವ ದೋಷ) ಎಂದು ಬಲವಾಗಿ ಶಂಕಿಸಬಹುದು. ಹಾರ್ಡ್‌ವೇರ್ ಅವಲಂಬನೆಯಿಲ್ಲದ ದೋಷವಾದರೆ ಕ್ಯೂಇಎಂಯುವಿನಲ್ಲಿ ಏಕಕಾಲಕ್ಕೆ ಹತ್ತಾರು ವರ್ಚುವಲ್ ಯಂತ್ರಗಳನ್ನು ಓಡಿಸುವುದು ಅಗ್ಗದ ಉಪಾಯ.

ಒಂದು ಎಚ್ಚರಿಕೆ: ಒತ್ತಡ ಹೇರಿದಾಗ ಬೇರೆಯೇ ಒಂದು ದೋಷ ಎದ್ದುಬರುವುದುಂಟು. ಹೊಸ ಟ್ರೇಸನ್ನು ಅಂಗಡಿಯಲ್ಲಿ ಸಿಕ್ಕಿದ ಮೂಲ ಟ್ರೇಸ್‌ನ ಪಕ್ಕದಲ್ಲಿಟ್ಟು ಹೋಲಿಸದೆ ಮುಂದಕ್ಕೆ ಹೋಗಬಾರದು.

6. ಕರ್ನಲ್‌ನದೇ ಪತ್ತೆಯಂತ್ರಗಳನ್ನು ಚಾಲೂ ಮಾಡುವುದು

ದೋಷ ಬೇಗನೆ ಬರತೊಡಗಿದ ಮೇಲೆ ಪತ್ತೆಯಂತ್ರಗಳಿರುವ ಕರ್ನಲ್ ಕಟ್ಟಿ. ಮೆಮೊರಿಯ ದುರುಪಯೋಗಕ್ಕೆ ಕಾಸಾನ್ ಇದೆ. ಅದು ಮೆಮೊರಿಯ ಎಂಟನೇ ಒಂದು ಭಾಗವನ್ನು ತನ್ನ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಯಂತ್ರವನ್ನು ಚೆನ್ನಾಗಿಯೇ ನಿಧಾನಗೊಳಿಸುತ್ತದೆ. ಪ್ರತಿಫಲವಾಗಿ, ಆ ಮೆಮೊರಿಯನ್ನು ಯಾರು ಪಡೆದರು, ಯಾರು ಬಿಟ್ಟರು, ಬಿಟ್ಟ ಮೇಲೆ ಯಾರು ಮುಟ್ಟಿದರು ಎಂಬ ಮೂರೂ ಟ್ರೇಸ್‌ಗಳನ್ನು ಒಟ್ಟಿಗೇ ಕೊಡುತ್ತದೆ. ಅಂಗಡಿಯ ಯಂತ್ರದಲ್ಲಿ ದಿನವಿಡೀ ಇಡಲು ಕೆಫೆನ್ಸ್ ಸೂಕ್ತ, 2021ರ 5.12ನೇ ಆವೃತ್ತಿಯಿಂದ ಕರ್ನಲ್‌ನಲ್ಲಿದೆ. ಕೆಲವೇ ಹಂಚಿಕೆಗಳನ್ನು ಆಯ್ದು ಕಾಯುವುದರಿಂದ ಅದರ ಭಾರ ಬಹಳ ಕಡಿಮೆ, ಆದರೆ ಅದೇ ಕಾರಣಕ್ಕೆ ದೋಷವನ್ನು ಹಿಡಿಯಲು ಅದೃಷ್ಟವೂ ಬೇಕು.

ಬೀಗಗಳ ಕ್ರಮ ತಪ್ಪಿದ ಅನುಮಾನವಿದ್ದರೆ ಲಾಕ್‌ಡೆಪ್ ಹಾಕಿ. ಡೆಡ್‌ಲಾಕ್ (ಒಬ್ಬರು ಹಿಡಿದ ಬೀಗಕ್ಕೆ ಇನ್ನೊಬ್ಬರು ಪರಸ್ಪರ ಕೊನೆಯಿಲ್ಲದೆ ಕಾಯುವುದು) ನಿಜವಾಗಿ ಆಗಬೇಕೆಂದೇನೂ ಇಲ್ಲ. ಎರಡು ಬೀಗಗಳನ್ನು ಒಮ್ಮೆ ಒಂದು ಕ್ರಮದಲ್ಲೂ ಇನ್ನೊಮ್ಮೆ ತದ್ವಿರುದ್ಧ ಕ್ರಮದಲ್ಲೂ ತೆಗೆದುಕೊಂಡದ್ದು ಕಂಡರೆ ಸಾಕು, ಅದು ಎಚ್ಚರಿಸುತ್ತದೆ. ಅಪರೂಪದ ದೋಷಕ್ಕೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಬೀಗವಿಲ್ಲದೆ ಹಂಚಿಕೊಂಡ ಮೌಲ್ಯಗಳಿಗೆ ಕೆಸಿಸ್ಯಾನ್ ಇದೆ. ಅದರ ವರದಿಗಳಲ್ಲಿ ನಿರಪಾಯಕಾರಿಯಾದವೂ ಬಹಳ ಇರುವುದರಿಂದ ಅದನ್ನು ಕೊನೆಗೆ ಬಳಸುವುದು ಲೇಸು. ತಕ್ಕಡಿಯ ಉದಾಹರಣೆಯಲ್ಲಂತೂ ಟೈಮರ್‌ಗಳ ಡೀಬಗ್-ಆಬ್ಜೆಕ್ಟ್ಸ್ ಆಯ್ಕೆಯೇ ಮೊದಲು ಬೇಕಾದದ್ದು: ಇನ್ನೂ ಚಾಲೂ ಇರುವ ಟೈಮರನ್ನು ಹೊತ್ತ ಮೆಮೊರಿಯನ್ನು ಬಿಡುಗಡೆ ಮಾಡಿದ ಕ್ಷಣದಲ್ಲೇ, ಬಿಟ್ಟವರ ಟ್ರೇಸ್ ಸಹಿತ ಅದು ಕೂಗುತ್ತದೆ. ಅಲ್ಲಿ ಡ್ರೈವರ್‌ನ ಹೆಸರು ಮೊದಲ ಬಾರಿಗೆ ಕಾಣುತ್ತದೆ.

ಪತ್ತೆಯಂತ್ರ ಹಾಕಿದೊಡನೆ ದೋಷವೇ ಮಾಯವಾಗಬಹುದು. ಇದೂ ಒಂದು ಸುಳಿವು, ದೋಷವು ಸಮಯದ ಮೇಲೆ ನಿಂತಿದೆ ಎಂದರ್ಥ. ಪ್ರಿಂಟ್‌ಕೆ (ಕರ್ನಲ್ ಸಂದೇಶ ಮುದ್ರಿಸುವ) ಸಾಲುಗಳನ್ನು ಸಿಕ್ಕಸಿಕ್ಕಲ್ಲಿ ಸೇರಿಸುವುದರಿಂದಲೂ ಹೀಗೆಯೇ ಆಗುತ್ತದೆ, ಏಕೆಂದರೆ ಸೀರಿಯಲ್ ಕನ್ಸೋಲ್‌ಗೆ ಒಂದು ಸಾಲು ಹೋಗಲು ಹಲವು ಮಿಲಿಸೆಕೆಂಡ್ ಬೇಕು. ಅದರ ಬದಲು ಟ್ರೇಸ್-ಪ್ರಿಂಟ್‌ಕೆ ಬಳಸಿ ಎಫ್‌ಟ್ರೇಸ್‌ನ (ಕರ್ನಲ್‌ನ ನಡೆಯನ್ನು ದಾಖಲಿಸುವ ವ್ಯವಸ್ಥೆಯ) ಬಫರ್‌ಗೆ ಬರೆಯಿಸಿ, ಊಪ್ಸ್ ಆದಾಗ ಬಫರ್ ಹೊರಬರುವಂತೆ ಹೊಂದಿಸಿ.

7. ಬೈಸೆಕ್ಟ್ ಮಾಡುವುದು

ಹಿಂದಿನ ಕರ್ನಲ್‌ನಲ್ಲಿ ದೋಷ ಇರಲಿಲ್ಲ ಎಂಬುದು ಖಚಿತವಿದ್ದರೆ ಮಾತ್ರ ಈ ಹಂತ. ಆ ಖಚಿತತೆಯನ್ನೂ ಪರೀಕ್ಷೆಯಿಂದಲೇ ಪಡೆಯಿರಿ. ಬಳಕೆದಾರರ ನೆನಪಿನ ಮೇಲೆ ಬೈಸೆಕ್ಟ್ ಆರಂಭಿಸಬಾರದು. ಲಿನಕ್ಸ್‌ನ ಒಂದು ಆವೃತ್ತಿಗೂ ಮುಂದಿನದಕ್ಕೂ ನಡುವೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೂ ಮಿಕ್ಕಿ ಕಮಿಟ್‌ಗಳಿರುತ್ತವೆ. ಅರ್ಧ ಅರ್ಧ ಮಾಡುತ್ತ ಹೋದರೆ ಸುಮಾರು 14 ಹಂತಗಳು. ಡ್ರೈವರ್‌ನ ಮೇಲೆ ಖಚಿತ ಅನುಮಾನವಿದ್ದರೆ ಆ ಕಡತಗಳನ್ನು ಮುಟ್ಟಿದ ಕಮಿಟ್‌ಗಳಿಗಷ್ಟೇ ಹುಡುಕಾಟವನ್ನು ಸೀಮಿತಗೊಳಿಸಬಹುದು.

ಬೈಸೆಕ್ಟ್‌ನಲ್ಲಿ ‘ಕೆಟ್ಟದ್ದು’ ಎಂಬ ತೀರ್ಪು ಎಂದೂ ಸುಳ್ಳಾಗುವುದಿಲ್ಲ, ಟ್ರೇಸ್ ಅದೇ ಆಗಿದ್ದರೆ. ‘ಒಳ್ಳೆಯದು’ ಎಂಬ ತೀರ್ಪು ಮಾತ್ರ ಸುಳ್ಳಾಗಬಲ್ಲದು. ಹದಿನಾಲ್ಕರಲ್ಲಿ ಏಳು ಕರ್ನಲ್‌ಗಳು ಕೆಟ್ಟವಾಗಿದ್ದು, ಪ್ರತಿಯೊಂದನ್ನೂ ಸರಾಸರಿಯ ಮೂರು ಪಟ್ಟು ಮಾತ್ರ ಪರೀಕ್ಷಿಸಿದರೆ, ಎಲ್ಲೋ ಒಂದೆಡೆ ತಪ್ಪು ತಿರುವು ಹಿಡಿಯುವ ಸಾಧ್ಯತೆ ಶೇಕಡ 30. ಐದು ಪಟ್ಟು ಪರೀಕ್ಷಿಸಿದರೆ ಅದು ಶೇಕಡ 5ಕ್ಕಿಂತ ಕೆಳಗೆ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಬರುವ ದೋಷಕ್ಕೆ ಇದೇ ಲೆಕ್ಕ ಹಾಕಿದರೆ ಏಳು ‘ಒಳ್ಳೆಯ’ ತೀರ್ಪುಗಳಿಗೇ 525 ದಿನ ಹಿಡಿಯುತ್ತದೆ. ಐದನೆಯ ಹಂತವನ್ನು ಬಿಟ್ಟು ಇಲ್ಲಿಗೆ ಹಾರಿದವರು ಏಕೆ ಸೋಲುತ್ತಾರೆಂದು ಬೇರೆ ಹೇಳಬೇಕಿಲ್ಲ.

ಕರ್ನಲ್ ಕಟ್ಟುವ ಹೊಂದಿಕೆಯ ಕಡತ ಆದ್ಯಂತ ಒಂದೇ ಇರಲಿ. ಬೂಟ್ ಆಗದ ಕರ್ನಲ್ ಸಿಕ್ಕಿದರೆ ‘ಕೆಟ್ಟದ್ದು’ ಎನ್ನಬೇಡಿ. ಅದಕ್ಕೆ ‘ಸ್ಕಿಪ್’ ಇದೆ. ಕೊನೆಗೆ ಸಿಕ್ಕಿದ ಕಮಿಟ್ ಸಮಯವನ್ನು ಮಾತ್ರ ಬದಲಾಯಿಸಿ, ಹಳೆಯ ದೋಷವೊಂದನ್ನು ಬಯಲಿಗೆ ತಂದಿರಲೂಬಹುದು. ಅದನ್ನು ಹಿಂತೆಗೆದಾಗ ದೋಷ ನಿಂತಿತೆಂಬುದು ಆ ಕಮಿಟ್‌ನದೇ ತಪ್ಪೆಂಬುದಕ್ಕೆ ಪೂರ್ತಿ ಪುರಾವೆಯಾಗುವುದಿಲ್ಲ.

8. ಕಾರಣವನ್ನು ವಿವರಿಸಿ, ಸಾಧಿಸಿ ತೋರಿಸುವುದು

ದೋಷ ಹೇಗಾಯಿತೆಂಬುದನ್ನು ಎರಡು ಸಿಪಿಯುಗಳ ಎರಡು ಕಾಲಂಗಳಾಗಿ ಕಾಗದದ ಮೇಲೆ ಬರೆಯಿರಿ. ತಕ್ಕಡಿಯ ಡ್ರೈವರ್‌ನಲ್ಲಿ ಸೆಕೆಂಡಿಗೊಮ್ಮೆ ಸಾಧನದ ಸ್ಥಿತಿ ಕೇಳುವ ಟೈಮರ್ ಇದೆ. ಅದರ ಕಾಲ್‌ಬ್ಯಾಕ್ (ಹೊತ್ತು ಮುಗಿದಾಗ ಓಡುವ ಕಾರ್ಯ) ತನ್ನ ಕೊನೆಯಲ್ಲಿ ಟೈಮರನ್ನು ಮತ್ತೆ ಹೂಡುತ್ತದೆ. ಸಾಧನ ಕಳಚಿದಾಗ ಸಿಪಿಯು 0ರಲ್ಲಿ ಡ್ರೈವರ್ ಟೈಮರ್-ಡಿಲೀಟ್ ಕರೆಯುತ್ತದೆ. ಈ ಕರೆ ಹೂಡಿಟ್ಟ ಟೈಮರನ್ನು ತೆಗೆಯುತ್ತದೆ, ಆದರೆ ಬೇರೆ ಸಿಪಿಯುವಿನಲ್ಲಿ ಆಗಲೇ ಓಡುತ್ತಿರುವ ಕಾಲ್‌ಬ್ಯಾಕ್ ಮುಗಿಯಲೆಂದು ಕಾಯುವುದಿಲ್ಲ. ಅದೇ ಹೊತ್ತಿಗೆ ಸಿಪಿಯು 1ರಲ್ಲಿ ಕಾಲ್‌ಬ್ಯಾಕ್ ನಡುವಿನಲ್ಲಿದ್ದು, ಟೈಮರನ್ನು ಮತ್ತೆ ಹೂಡುತ್ತದೆ. ಸಿಪಿಯು 0 ಮೆಮೊರಿಯನ್ನು ಬಿಟ್ಟುಬಿಡುತ್ತದೆ. ಒಂದು ಸೆಕೆಂಡಿನ ಮೇಲೆ, ಯಾರದೋ ಆಗಿಹೋದ ಆ ಮೆಮೊರಿಯಲ್ಲಿ ಟೈಮರ್ ಸಿಡಿಯುತ್ತದೆ. ‘ಸ್ವಾಪರ್/1’ ಏಕೆ ಕಂಡಿತು, ಡ್ರೈವರ್‌ನ ಹೆಸರು ಏಕೆ ಕಾಣಲಿಲ್ಲ, ಎರಡೂ ಈಗ ಅರ್ಥವಾಗುತ್ತವೆ. ಟ್ರೇಸ್‌ನ ಒಂದೇ ಒಂದು ಸಾಲು ವಿವರಣೆಗೆ ಹೊಂದದಿದ್ದರೂ ವಿವರಣೆ ಮುಗಿದಿಲ್ಲವೆಂದೇ ತಿಳಿಯಬೇಕು.

ಊಹೆಯನ್ನು ಸಾಧಿಸಲು, ಕಾಲ್‌ಬ್ಯಾಕ್‌ನಲ್ಲಿ ಟೈಮರ್ ಮತ್ತೆ ಹೂಡುವ ಸಾಲಿಗೆ ತುಸು ಮುಂಚೆ 5 ಮಿಲಿಸೆಕೆಂಡಿನ ಎಂಡಿಲೇ (ಸಿಪಿಯುವನ್ನು ಬಿಟ್ಟುಕೊಡದೆ ಕಾಯುವ ಕರೆ) ಸೇರಿಸಿ. ಅಲ್ಲಿ ನಿದ್ರಿಸುವ ಅನುಮತಿಯಿಲ್ಲದ್ದರಿಂದ ಎಂಸ್ಲೀಪ್ ಬಳಸುವಂತಿಲ್ಲ. ಊಹೆ ಸರಿಯಿದ್ದರೆ ಅಪಾಯದ ಸಂದು ಅಗಲವಾಗಿ, ಇನ್ನೂರು ಸುತ್ತಿಗೊಮ್ಮೆ ಬರುತ್ತಿದ್ದುದು ಗಣನೀಯವಾಗಿ ಹೆಚ್ಚಾಗಬೇಕು. ಹೆಚ್ಚಾಗದಿದ್ದರೆ ಊಹೆಯನ್ನು ಬಿಟ್ಟುಕೊಡಿ.

ಪರಿಹಾರವಾಗಿ ಟೈಮರ್-ಡಿಲೀಟ್-ಸಿಂಕ್ ಬಳಸಬಹುದು. ಅದು ಕಾಲ್‌ಬ್ಯಾಕ್ ಮುಗಿಯುವವರೆಗೂ ಕಾಯುತ್ತದೆ. ಬೇರೆ ಕೋಡ್ ಕೂಡ ಟೈಮರನ್ನು ಹೂಡುವ ಸಾಧ್ಯತೆಯಿದ್ದರೆ 6.2ನೇ ಆವೃತ್ತಿಯಿಂದ ಇರುವ ಟೈಮರ್-ಶಟ್‌ಡೌನ್-ಸಿಂಕ್ ಮೇಲು, ಏಕೆಂದರೆ ಅದಾದ ಮೇಲೆ ಟೈಮರನ್ನು ಮತ್ತೆ ಹೂಡಲಾಗುವುದಿಲ್ಲ. ಕಾಲ್‌ಬ್ಯಾಕ್‌ಗೆ ಬೇಕಾದ ಬೀಗವನ್ನು ಹಿಡಿದುಕೊಂಡೇ ಇವನ್ನು ಕರೆದರೆ ಡೆಡ್‌ಲಾಕ್ ಆಗುತ್ತದೆ. ಲಾಕ್‌ಡೆಪ್ ಚಾಲೂ ಇಟ್ಟು ಪರೀಕ್ಷಿಸಿ. ಎಂಡಿಲೇ ಇರುವಾಗಲೇ ಪರಿಹಾರವನ್ನು ಹಾಕಿ ಐದು ಪಟ್ಟಿನ ಪರೀಕ್ಷೆ ನಡೆಸಿ, ಆಮೇಲೆ ಪರಿಹಾರವನ್ನು ತೆಗೆದು ದೋಷ ಮರಳುತ್ತದೆಯೇ ನೋಡಿ. ಈ ಎರಡನೆಯ ಪರೀಕ್ಷೆಯನ್ನು ಬಹುಮಂದಿ ಬಿಡುತ್ತಾರೆ. ನಡುವೆ ಹಬ್ ಬದಲಾಗಿದ್ದರಿಂದಲೋ ಕೇಬಲ್ ಸಡಿಲವಾಗಿದ್ದರಿಂದಲೋ ದೋಷ ನಿಂತಿದ್ದರೆ ಅದು ತಿಳಿಯುವುದು ಇಲ್ಲಿಯೇ.

9. ವರದಿ ಮಾಡುವುದು

ಮರದ ಹೊರಗಿನ ಮಾಡ್ಯೂಲ್‌ಗಳಿಲ್ಲದ, ಸಾಧ್ಯವಾದಷ್ಟು ಹೊಸ ಕರ್ನಲ್‌ನಲ್ಲಿ ದೋಷವನ್ನು ಒಮ್ಮೆ ತೋರಿಸಿ. ಗೆಟ್-ಮೇಂಟೇನರ್ ಸ್ಕ್ರಿಪ್ಟ್‌ಗೆ ಡ್ರೈವರ್‌ನ ಕಡತವನ್ನು ಕೊಟ್ಟರೆ ವರದಿ ಯಾರಿಗೆ ಹೋಗಬೇಕೆಂದು ಅದೇ ಹೇಳುತ್ತದೆ. ವರದಿಯಲ್ಲಿ ಮೊದಲ ಊಪ್ಸ್ ಪೂರ್ತಿಯಾಗಿ, ಸಾಲುಸಂಖ್ಯೆಗಳೊಂದಿಗೆ ಇರಲಿ. ಮೊಬೈಲ್‌ನಲ್ಲಿ ತೆಗೆದ ಪರದೆಯ ಫೋಟೋ ಬೇರೇನೂ ಇಲ್ಲದಾಗಿನ ಮಾತು. ಪ್ರಚೋದಿಸುವ ಸ್ಕ್ರಿಪ್ಟ್, ಎಷ್ಟು ಸುತ್ತಿಗೆ ಒಮ್ಮೆ ದೋಷ ಬರುತ್ತದೆ ಎಂಬ ಲೆಕ್ಕ, ಎರಡು ಕಾಲಂಗಳ ವಿವರಣೆ, ಇವು ಜೊತೆಗಿದ್ದರೆ ಯಂತ್ರವನ್ನೇ ನೋಡದ ನಿರ್ವಾಹಕರೂ ಒಪ್ಪುತ್ತಾರೆ. ಪರಿಹಾರವನ್ನೂ ಕಳುಹಿಸುವುದಾದರೆ, ತಪ್ಪು ಹುಟ್ಟಿದ ಕಮಿಟ್‌ನ ಗುರುತಿನ ಮೊದಲ 12 ಅಕ್ಷರಗಳನ್ನು ‘ಫಿಕ್ಸಸ್’ ಸಾಲಿನಲ್ಲಿ ಬರೆಯಿರಿ. ಹಳೆಯ ಸ್ಥಿರ ಆವೃತ್ತಿಗಳನ್ನು ನೋಡಿಕೊಳ್ಳುವವರು ಪರಿಹಾರವನ್ನು ಎಲ್ಲಿಯವರೆಗೆ ಹಿಂದಕ್ಕೆ ಒಯ್ಯಬೇಕೆಂದು ಆ ಸಾಲಿನಿಂದ ತಿಳಿಯುತ್ತಾರೆ.

ಪರಿಹಾರ ಸೇರಿದ ಕರ್ನಲ್ ಅಂಗಡಿಗೆ ಬಂದ ಮೇಲೆ ಕಾಸಾನ್‌ನಂಥ ಭಾರದ ಆಯ್ಕೆಗಳನ್ನು ತೆಗೆಯಿರಿ. ನೆಟ್‌ಕನ್ಸೋಲ್, ಪಿಸ್ಟೋರ್‌ಗಳನ್ನು ಹಾಗೆಯೇ ಬಿಡಬಹುದು. ಸಿಸ್‌ಆರ್‌ಕ್ಯೂ ಮೌಲ್ಯವನ್ನು ಮಾತ್ರ ಮೊದಲಿನ 176ಕ್ಕೆ ಮರಳಿಸಿ. ಕೀಬೋರ್ಡ್ ಮುಟ್ಟಿದ ಯಾರೇ ಆದರೂ ಯಂತ್ರವನ್ನು ಕೆಡವುವಂತಿರುವುದು ಗಿರಾಕಿಗಳು ಬಂದುಹೋಗುವ ಜಾಗದಲ್ಲಿ ಸರಿಯಲ್ಲ.